ಗಂಗೂಬಾಯಿಯ ಒಂದಕ್ಷರ

ಹಡಪಸರದ ಐಟಿ ಕಚೇರಿಗಳ ಸಾಲಿನಲ್ಲಿ ಒಂದು ಕಟ್ಟಡದ ನೆಲಮಹಡಿಯಲ್ಲಿ ಪಾಳಣಾಘರವಿದೆ. ಮೇಲಿನ ಒಂಬತ್ತು ಮಹಡಿಗಳಲ್ಲಿ ಕೆಲಸ ಮಾಡುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗುತ್ತಾರೆ, ಸಂಜೆ ಬಂದು ಕರೆದೊಯ್ಯುತ್ತಾರೆ. ಒಟ್ಟು ಮೂವತ್ತಾರು ಮಕ್ಕಳು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಪರದೆ ಎಳೆದು ಎಲ್ಲರನ್ನೂ ಮಲಗಿಸುತ್ತಾರೆ. ಆಗ ಆ ಕೋಣೆಯಲ್ಲಿ ಸಣ್ಣ ಸಣ್ಣ ಉಸಿರುಗಳ ಸಪ್ಪಳ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಗಂಗೂಬಾಯಿ ಬಿ.ಎ. ಓದಿದ್ದು ಆ ಎರಡು ಗಂಟೆಗಳಲ್ಲಿ, ಯಾವುದಾದರೂ ಮಗುವಿನ ಬೆನ್ನು ತಟ್ಟುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು.

ಅವರು ಬೈಲಹೊಂಗಲದವರು. ಪಿಯುಸಿ ಮುಗಿದ ಬೇಸಿಗೆಯಲ್ಲಿ ಮದುವೆಯಾಗಿ ಪುಣೆಗೆ ಬಂದರು. ಗಂಡ ಪ್ರಲ್ಹಾದ ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ಗಂಗೂಬಾಯಿಗೆ ಈಗ ಮೂವತ್ತೊಂಬತ್ತು. ಪಾಳಣಾಘರದಲ್ಲಿ ಆಯಾ ಆಗಿ ಹನ್ನೊಂದು ವರ್ಷ. ಅಲ್ಲಿ ಅವರನ್ನು ಯಾರೂ ಹೆಸರಿನಿಂದ ಕರೆಯುವುದಿಲ್ಲ, ಮಾವಶಿ ಅನ್ನುತ್ತಾರೆ. ಮರಾಠಿಯಲ್ಲಿ ಅದು ತಾಯಿಯ ಅಕ್ಕತಂಗಿಯರನ್ನು ಕರೆಯುವ ಮಾತು. ಪುಣೆಯಲ್ಲಿ ಮನೆಗೆಲಸದವಳಿಗೂ, ಮಕ್ಕಳನ್ನು ನೋಡಿಕೊಳ್ಳುವವಳಿಗೂ ಅದೇ ಮಾತು. ಕರೆಯುವವರ ದನಿಯಿಂದಲೇ ತಾವು ಯಾವ ಮಾವಶಿ ಎಂದು ಗಂಗೂಬಾಯಿಗೆ ತಿಳಿಯುತ್ತಿತ್ತು.

ಹಳೆಯ ಸೂಪರ್‌ವೈಸರ್ ಬರುವ ಜನವರಿಗೆ ಕೆಲಸ ಬಿಡುತ್ತಾರೆ ಎಂದಾಗ ಕಚೇರಿಯವರು ಗಂಗೂಬಾಯಿಯನ್ನು ಕರೆಸಿದ್ದರು. ಐದನೇ ಸೆಮಿಸ್ಟರ್ ಪಾಸಾದ ಅಂಕಪಟ್ಟಿ ತಂದರೆ ಆ ಜಾಗ ನಿಮ್ಮದು, ಕೊನೆಯ ಸೆಮಿಸ್ಟರನ್ನು ಕೆಲಸ ಮಾಡುತ್ತಲೇ ಮುಗಿಸಿ, ತರದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರು. ನಾಲ್ಕು ಸೆಮಿಸ್ಟರುಗಳಲ್ಲಿ ಒಮ್ಮೆಯೂ ನಪಾಸಾಗದ ಗಂಗೂಬಾಯಿ ತಲೆಯಾಡಿಸಿ ಬಂದರು.

ಅವರು ಓದುತ್ತಿದ್ದ ವಿಶ್ವವಿದ್ಯಾಲಯದ ಪಾಠಗಳೆಲ್ಲ ಆನ್‌ಲೈನಿನಲ್ಲಿ. ಐದನೇ ಸೆಮಿಸ್ಟರಿನ ಸಮಾಜಶಾಸ್ತ್ರದ ಒಂದು ಪತ್ರಿಕೆಗೆ ಪರೀಕ್ಷೆಯಿಲ್ಲ, ಗುಂಪು ಕೆಲಸ. ನಾಲ್ಕು ಜನರ ಗುಂಪು. ಕೋಥರೂಡಿನ ಮಂದಾರ ಮುಖಂಡ. ಅವನ ಗೆಳತಿ ಕೇತಕಿ. ಮೂರನೆಯವನು ಪ್ರಜ್ವಲ, ಉಡುಪಿ ಕಡೆಯ ಮನೆತನ, ಕಾತ್ರಜದಲ್ಲಿ ಅಪ್ಪನ ಹೋಟೆಲು. ಮೂವರಿಗೂ ಇಪ್ಪತ್ತರ ಆಸುಪಾಸು. ನಾಲ್ಕನೆಯವರು ಗಂಗೂಬಾಯಿ. ಮೊದಲ ದಿನದ ಪರಿಚಯದಲ್ಲಿ ಅವರು ತಾವು ಮಾಡುವ ಕೆಲಸವನ್ನು ಹೇಳಿದ ಕೂಡಲೇ ಮಂದಾರ, "ಅರೆ ವಾ, ಹಾಗಾದರೆ ನಮಗೂ ಮಾವಶಿ" ಅಂದ. ಎಲ್ಲರೂ ನಕ್ಕರು. ಗಂಗೂಬಾಯಿಯೂ ನಕ್ಕರು.

ವಿಷಯ ಆರಿಸಿದ್ದು ಮಂದಾರ: ದುಡಿಯುವ ತಾಯಂದಿರು ಮತ್ತು ಮಕ್ಕಳ ಪಾಲನೆ. ಆರಿಸಲು ಕಾರಣವೂ ಗಂಗೂಬಾಯಿಯೇ. "ಮಾವಶಿ, ನಿಮ್ಮ ಹತ್ತಿರ ದಿನಾ ಬರುತ್ತಾರಲ್ಲ, ನೀವೇ ಕೇಳಿಬಿಡಿ."

ಅವರು ಕೇಳಿದರು. ಸೆಪ್ಟೆಂಬರಿನಿಂದ ಅಕ್ಟೋಬರಿನವರೆಗೆ ಮೂವತ್ತೊಂದು ತಾಯಂದಿರನ್ನು, ಸಂಜೆ ಗಾಜಿನ ಬಾಗಿಲಲ್ಲಿ, ಮಗುವಿನ ಚಪ್ಪಲಿ ಹಾಕುವ ಎರಡು ನಿಮಿಷಗಳಲ್ಲಿ. ಆ ತಾಯಂದಿರು ಯಾವ ನಮೂನೆಯಲ್ಲೂ ಬರೆದುಕೊಡದ ಮಾತುಗಳನ್ನು ಅವರಿಗೆ ಹೇಳಿದರು. ಒಬ್ಬಳು ಬೆಳಿಗ್ಗೆ ಮಗುವನ್ನು ಬಿಟ್ಟಮೇಲೆ ಲಿಫ್ಟ್ ಹತ್ತದೆ ಮೆಟ್ಟಿಲಿನಲ್ಲಿ ಏಳನೇ ಮಹಡಿಗೆ ಹೋಗುತ್ತಾಳೆ, ಹೋಗುವಷ್ಟರಲ್ಲಿ ಕಣ್ಣು ಒಣಗಲಿ ಎಂದು. ಇನ್ನೊಬ್ಬಳು ಮಗುವಿಗೆ ಜ್ವರ ಬಂದ ದಿನ ಮೇಲಧಿಕಾರಿಗೆ ತನಗೇ ಜ್ವರ ಎಂದು ಹೇಳುತ್ತಾಳೆ. ತನ್ನ ಜ್ವರಕ್ಕೆ ರಜೆ ಸಿಗುತ್ತದೆ. ಗಂಗೂಬಾಯಿ ಇದನ್ನೆಲ್ಲ ಫೋನಿನಲ್ಲಿ ಟೈಪು ಮಾಡಲಾರದೆ ಧ್ವನಿ ಸಂದೇಶ ಮಾಡಿ ಗುಂಪಿಗೆ ಕಳಿಸುತ್ತಿದ್ದರು. ಮಕ್ಕಳು ಏಳದಂತೆ ಪಿಸುದನಿಯಲ್ಲಿ. ಅರವತ್ತೆಂಟು ಸಂದೇಶಗಳು. ಮಂದಾರನೂ ಕೇತಕಿಯೂ ಅವನ್ನು ಕೇಳಿ, ಎಲ್ಲರೂ ಸೇರಿ ಬರೆಯಬೇಕಾದ ಕಡತದಲ್ಲಿ ತಾವೇ ಟೈಪು ಮಾಡುತ್ತಿದ್ದರು.

ಗುಂಪಿನ ಮಾತುಕತೆ ಮರಾಠಿಯಲ್ಲಿ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ಅಕ್ಟೋಬರಿನ ಕೊನೆಯ ವಾರ ಒಂದು ಮಧ್ಯಾಹ್ನ ಮಂದಾರ ಬರೆದ: ಸರ್ವೆಯ ಭಾಗವನ್ನು ಮೇಡಂ ಮುಂದೆ ಯಾರು ಮಂಡಿಸುತ್ತೀರಿ?

ಗಂಗೂಬಾಯಿ ಈ ಪ್ರಶ್ನೆಗೇ ಕಾಯುತ್ತಿದ್ದರು. ಮನಸ್ಸಿನಲ್ಲಿ ಎಷ್ಟೋ ಸಲ ಮಂಡಿಸಿಯೂ ಆಗಿತ್ತು. ಆಗ ತೊಡೆಯ ಮೇಲೆ ಎರಡು ವರ್ಷದ ಒಂದು ಮಗು ಅರೆನಿದ್ದೆಯಲ್ಲಿತ್ತು. ಎಡಗೈಯ ಹೆಬ್ಬೆರಳು ಮಾತ್ರ ಬಿಡುವಾಗಿತ್ತು. ಸಂತೋಷ ಮರಾಠಿಗೆ ತಿರುಗುವ ಮೊದಲೇ ಉತ್ತರ ಹೋಗಿಬಿಟ್ಟಿತು. ಇಂಗ್ಲಿಷಿನ ಎನ್ ಮತ್ತು ಎ. ನಾ.

ಬೈಲಹೊಂಗಲದಲ್ಲಿ ಯಾರು ಬರತೀರಿ ಎಂದರೆ ನಾ. ಯಾರು ಒಯ್ಯತೀರಿ ಎಂದರೆ ನಾ. ನಾನು ಎಂದು ಪೂರ್ತಿ ಹೇಳುವಷ್ಟು ಪುರಸೊತ್ತು ಆ ಕಡೆಯ ಮಾತಿಗಿಲ್ಲ. ಮರಾಠಿಯಲ್ಲಿ ನಾನು ಎನ್ನಲು ಮೀ ಅನ್ನಬೇಕು. ಅಲ್ಲಿ ನಾ ಎಂದರೆ ಇಲ್ಲ, ಒಲ್ಲೆ.

ಮಂದಾರ 'ಓಕೆ' ಎಂದು ಬರೆದ. ಗಂಗೂಬಾಯಿ ಆ ಓಕೆಯನ್ನು ಇಟ್ಟುಕೊಂಡು ಹದಿನೈದು ದಿನ ತಯಾರಿ ಮಾಡಿದರು.

ಮಂಡನೆಯ ದಿನ ಏಪ್ರನ್ ತೆಗೆದಿಟ್ಟು, ತಲೆ ಬಾಚಿಕೊಂಡು, ಡೈಪರ್ ಪೆಟ್ಟಿಗೆಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತರು. ಮೊದಲ ಸಲ ಕ್ಯಾಮೆರಾ ಹಚ್ಚಿದ್ದರು. ಮಂದಾರ ಪೀಠಿಕೆ ಓದಿದ. ಕೇತಕಿ ಹಿನ್ನೆಲೆ ಓದಿದಳು. ಗಂಗೂಬಾಯಿ ಮೈಕ್ ತೆರೆದು ಗಂಟಲು ಸರಿಮಾಡಿಕೊಂಡರು. "ಈಗ ಸರ್ವೆಯ ಭಾಗವನ್ನು ನಾನೇ ಮಂಡಿಸುತ್ತೇನೆ" ಎಂದ ಮಂದಾರ. ಒಂಬತ್ತು ನಿಮಿಷ ಓದಿದ. ಮೆಟ್ಟಿಲು ಹತ್ತುವ ತಾಯಿ ಅದರಲ್ಲಿ ಇರಲಿಲ್ಲ. 'ಶೇಕಡಾ ಐವತ್ತೆಂಟು ಪ್ರತಿಕ್ರಿಯೆದಾರರಲ್ಲಿ ಭಾವನಾತ್ಮಕ ಒತ್ತಡ ಕಂಡುಬಂದಿದೆ' ಎಂದಿತ್ತು. "ನಾವು ಮೂವತ್ತೊಂದು ತಾಯಂದಿರನ್ನು ಭೇಟಿಯಾದೆವು" ಎಂದೂ ಓದಿದ.

ಮುಗಿದ ಮೇಲೆ ಗಂಗೂಬಾಯಿ ಅವನಿಗೆ ಫೋನು ಮಾಡಿ ಕೇಳಿದರು. ಅವನು ನಿಜವಾಗಿಯೂ ಆಶ್ಚರ್ಯದಿಂದ ಹೇಳಿದ, "ಮಾವಶಿ, ತುಮ್ಹೀಚ್ ನಾ ಮ್ಹಣಾಲಾತ್." ನೀವೇ ನಾ ಅಂದಿರಲ್ಲ.

ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ನಗುವೇ ಬಂತು. ತಮ್ಮ ಕಡೆ ಹಾಗೆಂದರೆ ನಾನು ಎಂದು ಅರ್ಥ ಎಂದು ವಿವರಿಸಿದರು. "ಹೌದಾ, ಸಾರಿ, ಮುಗಿದುಹೋಯ್ತಲ್ಲ, ಇರಲಿ ಬಿಡಿ" ಎಂದ ಮಂದಾರ. ಗಂಗೂಬಾಯಿಯೂ ಬಿಟ್ಟರು. ಅಲ್ಲಿಯವರೆಗೆ ಅವರಿಗೆ ಸಿಟ್ಟಿರಲಿಲ್ಲ.

ಸಿಟ್ಟು ಬಂದಿದ್ದು ಡಿಸೆಂಬರಿನಲ್ಲಿ, ಫಲಿತಾಂಶದ ಪುಟ ತೆರೆದಾಗ. ಗುಂಪಿಗೆ ನೂರು ಅಂಕ. ಯಾರ ಪಾಲು ಎಷ್ಟು ಎಂದು ಗುಂಪಿನವರೇ ಹಂಚಿಕೊಳ್ಳಬೇಕು, ಮುಖಂಡನಾದ ಮಂದಾರ ಇವರನ್ನು ಕೇಳದೆಯೇ ತುಂಬಿದ್ದ. ಹದಿನೈದಕ್ಕಿಂತ ಕಡಿಮೆ ಬಂದವರು ನಪಾಸು. ಮಂದಾರ ನಲವತ್ತು, ಕೇತಕಿ ಮೂವತ್ತೈದು, ಪ್ರಜ್ವಲ ಇಪ್ಪತ್ತು, ಗಂಗೂಬಾಯಿ ಐದು. ಪಕ್ಕದಲ್ಲಿ ಕಾರಣ: ವಹಿಸಿದ ಜವಾಬ್ದಾರಿಯನ್ನು ನಿರಾಕರಿಸಿದ್ದಾರೆ.

ಅವರು ಆ ಪುಟವನ್ನು ಮುಚ್ಚಿ ಮೂವತ್ತಾರು ನೀರಿನ ಬಾಟಲಿ ತೊಳೆದರು. ತೊಳೆದವನ್ನೇ ಮತ್ತೊಮ್ಮೆ ತೊಳೆದರು. ಮನೆಯಲ್ಲಿ ಪ್ರಲ್ಹಾದ ಸಮಾಧಾನ ಹೇಳಿದ.

"ಹೋಗ್ಲಿ ಬಿಡ. ಸಣ್ಣ ಹುಡುಗ್ರು. ಬರೋ ವರ್ಷ ಮತ್ತ ಬರದರಾತು."

"ಸೂಪರ್‌ವೈಸರ್ ಖುರ್ಚಿ ಬರೋ ವರ್ಷದ ತನಕ ನನ್ನ ಸಲುವಾಗಿ ಖಾಲಿ ಇರತದೇನು?"

"ಹಂಗಲ್ಲ, ಜಗಳಾಡಿ ಏನ್ ಸಿಗತದ ಅಂತ."

"ನಾ ಜಗಳ ಎಲ್ಲಿ ಮಾಡೀನಿ ಇನ್ನೂ?" ಎಂದರು ಗಂಗೂಬಾಯಿ.

ಮೂರು ಮಧ್ಯಾಹ್ನ ಕುಳಿತು ನೀಲಿಮಾ ಮೇಡಂಗೆ ಪತ್ರ ಬರೆದರು. ಆ ಪತ್ರಿಕೆಯ ಅಧ್ಯಾಪಕಿ ಅವರು. ಮೇಡಂ ಎಲ್ಲರನ್ನೂ ಒಂದು ಆನ್‌ಲೈನ್ ಸಭೆಗೆ ಕರೆದರು.

"ಗಂಗೂಬಾಯಿ, ನಾನು ದಾಖಲೆ ನೋಡಿಯೇ ಹೇಳಬೇಕಾಗುತ್ತದೆ" ಎಂದು ಮೇಡಂ ಮೆತ್ತಗೆ ಶುರುಮಾಡಿದರು. ಕಡತದಲ್ಲಿ ಯಾರು ಎಷ್ಟು ಸಲ ಬರೆದಿದ್ದಾರೆ ಎಂದು ಪರದೆಯ ಮೇಲೆ ತೋರಿಸಿದರು. ಮಂದಾರ ಇನ್ನೂರ ಹದಿನಾಲ್ಕು. ಕೇತಕಿ ನೂರ ಅರವತ್ತು. ಪ್ರಜ್ವಲ ಹನ್ನೊಂದು. ಗಂಗೂಬಾಯಿ ಸೊನ್ನೆ.

"ನಾನು ಹೇಳಿ ಕಳಿಸಿದ್ದನ್ನೇ ಅವರು ಬರೆದಿದ್ದು, ಮೇಡಂ."

"ಧ್ವನಿ ಸಂದೇಶಗಳು ಇದ್ದವು, ನಿಜ" ಎಂದಳು ಕೇತಕಿ. "ಆದರೆ ಮೇಡಂ, ಒಂದೊಂದೂ ಐದೈದು ನಿಮಿಷ. ಪಿಸುಪಿಸು ಅಂತಾರೆ, ಹಿಂದೆ ಮಕ್ಕಳು ಅಳ್ತಿರುತ್ತವೆ. ಕೇಳಿ ಕೇಳಿ ನನ್ನ ಕಿವಿನೇ ನೋಯ್ತಿತ್ತು."

"ಅದಕ್ಕೆ ಸ್ವಲ್ಪ ಅಂಕ ಕೊಡಬಹುದು" ಎಂದರು ಮೇಡಂ. "ತೊಡಕಿರುವುದು ನಿರಾಕರಣೆಯ ಬಗ್ಗೆ. ಜವಾಬ್ದಾರಿ ಬೇಡ ಅಂದವರಿಗೆ ಹದಿನೈದು ಕೊಡುವ ಹಾಗಿಲ್ಲ, ಅದು ನಿಯಮ."

ಮಂದಾರ ಆ ದಿನದ ಸಂದೇಶವನ್ನು ಪರದೆಗೆ ಹಾಕಿದ. ಪ್ರಶ್ನೆ, ಅದರ ಕೆಳಗೆ ಒಂಟಿಯಾಗಿ ನಿಂತ ಆ ಉತ್ತರ.

"ಕನ್ನಡದಲ್ಲಿ ಅದಕ್ಕೆ ನಾನು ಅಂತ ಅರ್ಥ" ಎಂದರು ಗಂಗೂಬಾಯಿ. "ಪ್ರಜ್ವಲ್‌ಗೂ ಕನ್ನಡ ಬರುತ್ತದೆ, ಬೇಕಾದರೆ ಕೇಳಿ."

ಮೇಡಂ ಕೇಳಿದರು. ಪ್ರಜ್ವಲ ಮೈಕ್ ತೆರೆಯಲು ತಡಮಾಡಿದ. ಆಮೇಲೆ ಹೇಳಿದ, "ನಮ್ಮ ಕನ್ನಡದಲ್ಲಿ ನಾನು ಅಂತ ಹೇಳುತ್ತಾರೆ ಮೇಡಂ, ಎರಡಕ್ಷರ. ಬರೀ ನಾ ಅಂತ... ನಾನು ಕೇಳಿಲ್ಲ. ಪುಸ್ತಕದಲ್ಲೂ ಹಾಗಿಲ್ಲ."

ಗಂಗೂಬಾಯಿಗೆ ಬಾಯಿಯೊಳಗಿನ ಮಾತನ್ನು ಯಾರೋ ಬೆರಳು ಹಾಕಿ ಹೊರತೆಗೆದಂತಾಯಿತು. ಮಂದಾರ ಮರಾಠಿಯವನು, ಅವನಿಗೆ ಗೊತ್ತಿರಲಿಲ್ಲ ಎಂದಾದರೂ ಅನ್ನಬಹುದು. ಇವನು? ಪುಣೆಗೆ ಬಂದ ಇಪ್ಪತ್ತು ವರ್ಷದಲ್ಲಿ ಮರಾಠಿಯವರು ಅವರ ಮಾತಿಗೆ ಎಷ್ಟೋ ಸಲ ನಕ್ಕಿದ್ದಾರೆ. ಅದು ಮಾತೇ ಅಲ್ಲ ಎಂದು ಯಾರೂ ಹೇಳಿರಲಿಲ್ಲ.

ಮೇಡಂ ನಿಟ್ಟುಸಿರುಬಿಟ್ಟರು. ಅಂಕಗಳು ಇದೇ ಬುಧವಾರ ಅಂತಿಮವಾಗುತ್ತವೆ, ಅಷ್ಟರೊಳಗೆ ಗುಂಪಿನ ಒಬ್ಬರಾದರೂ ಗಂಗೂಬಾಯಿಯ ಮಾತು ನಿಜವೆಂದು ಬರೆದುಕೊಟ್ಟರೆ ಮತ್ತೆ ಹಂಚಲು ಅವಕಾಶ ಕೊಡುತ್ತೇನೆ ಎಂದರು. ಪರದೆ ಆರಿತು.

ಭಾನುವಾರ ಬೆಳಿಗ್ಗೆ ಗಂಗೂಬಾಯಿ ಗಾಡಿತಳದಲ್ಲಿ ಕಾತ್ರಜದ ಬಸ್ಸು ಹತ್ತಿದರು. ಅಪ್ಪನ ಹೋಟೆಲು ಸಾತಾರಾ ಕಡೆಯ ಬಸ್ಸು ನಿಲ್ಲುವ ಜಾಗದಲ್ಲಿದೆ ಎಂದು ಪ್ರಜ್ವಲನೇ ಪರಿಚಯದ ದಿನ ಹೇಳಿದ್ದ. ಹುಡುಕುವುದು ಕಷ್ಟವಾಗಲಿಲ್ಲ. ಬ್ಯಾಗು ಹಿಡಿದ ಪ್ರಯಾಣಿಕರು ಒಳಗೂ ಹೊರಗೂ ನೆರೆದಿದ್ದರು. ಗಲ್ಲೆಯ ಮೇಲೆ, ಪರದೆಯಲ್ಲಿ ಕಂಡದ್ದಕ್ಕಿಂತ ಸಣ್ಣವನಾಗಿ ಕಾಣುತ್ತ, ಪ್ರಜ್ವಲ ಕುಳಿತಿದ್ದ. ಅವನಿಗೆ ಇವರ ಗುರುತು ಸಿಗಲಿಲ್ಲ.

"ಎಂತ ಬೇಕು ಅಮ್ಮ? ಪಾರ್ಸೆಲ್ಲಾ?"

ಗಂಗೂಬಾಯಿ ಚಹಾ ಎಂದರು. ಗಲ್ಲೆಯ ಹತ್ತಿರದ ಟೇಬಲ್ಲಿನಲ್ಲಿ ಕುಳಿತರು. ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತು. ಡ್ರೈವರ್ ಬಾಗಿಲಿಂದಲೇ ಹದಿನೆಂಟು ಇಡ್ಲಿ ಕಟ್ಟಿಕೊಡಿ ಎಂದು ಕೂಗಿದ. ಪ್ರಜ್ವಲ ಚೀಟಿ ಬರೆಯುತ್ತ ಅಡುಗೆಮನೆಯತ್ತ ದನಿ ಎತ್ತಿದ:

"ಬಸ್ಸಿನ ಪಾರ್ಸೆಲ್ ಯಾರು ಕಟ್ಟೋದು?"

ಒಳಗಿನಿಂದ ಒಂದು ಗಡಸು ದನಿ ಬಂತು. "ನಾ."

ಪ್ರಜ್ವಲ ತಲೆ ಎತ್ತಲಿಲ್ಲ. ಚೀಟಿಯ ಮೂಲೆಯಲ್ಲಿ 'ಸಿದ್ದಾರೂಢ' ಎಂದು ಗುರುತು ಹಾಕಿ ಕೌಂಟರಿನ ಮೇಲೆ ಇಟ್ಟ. ಐವತ್ತು ದಾಟಿದ, ಖಾಕಿ ಅಂಗಿಯ ಒಬ್ಬ ಸಪ್ಲಾಯರು ಬಂದು ಅದನ್ನು ತೆಗೆದುಕೊಂಡರು.

ಗಂಗೂಬಾಯಿ ಎದ್ದು ಗಲ್ಲೆಯ ಮುಂದೆ ನಿಂತರು.

"ಈಗ ಅವ್ರು ಒಲ್ಲೆ ಅಂದ್ರೇನ್ರೀ?"

ದನಿ ಗುರುತಾಯಿತು. ಅರವತ್ತೆಂಟು ಸಂದೇಶ ಕೇಳಿದವನಿಗೆ ಆಗದೆ ಇರುತ್ತದೆಯೇ. ಅವನ ಕೈಯ ಪೆನ್ನು ಅಲ್ಲೇ ನಿಂತಿತು.

"ಮಾವಶಿ... ನೀವು ಇಲ್ಲಿ..."

"ಕೇಳಿದ್ದಕ್ಕ ಹೇಳ್ರಿ. ಅವ್ರು ಒಲ್ಲೆ ಅಂದ್ರೋ, ಕಟ್ಟತೀನಿ ಅಂದ್ರೋ?"

ಸಿದ್ದಾರೂಢ ಇಡ್ಲಿಯ ಪೊಟ್ಟಣ ಹಿಡಿದುಕೊಂಡು ಇಬ್ಬರ ಮುಖ ನೋಡಿದರು. "ಏನಾತ್ರೀ ಅಕ್ಕಾರ?"

ಗಂಗೂಬಾಯಿ ನಾಲ್ಕು ಮಾತಿನಲ್ಲಿ ಹೇಳಿದರು. ಸಿದ್ದಾರೂಢರ ಮೀಸೆ ಮೊದಲು ನಕ್ಕಿತು. "ಏನ್ ಸಣ್ಣ ಮಾಲಕರ, ನಾ ಅಂದ್ರ ಒಲ್ಲೆ ಅಂತ ಹೇಳೀರೇನು? ಹಂಗಾರ ಎಂಟು ವರ್ಷದಿಂದ ನಾ ಒಲ್ಲೆ ಒಲ್ಲೆ ಅನಕೋತನ ನಿಮ್ಮ ಇಡ್ಲಿ ಹೊರಾಕತ್ತೀನಿ ಅನ್ರಿ." ಗಂಗೂಬಾಯಿ ನಗಲಿಲ್ಲ. ಅದನ್ನು ನೋಡಿ ಸಿದ್ದಾರೂಢರೂ ನಗು ನಿಲ್ಲಿಸಿ ಪೊಟ್ಟಣ ಒಯ್ದರು.

ಪ್ರಜ್ವಲ ತಗ್ಗಿದ ದನಿಯಲ್ಲಿ ಹೇಳಿದ, "ನಾನು ಹೂಂ ಅಂದರೆ ಮತ್ತೆ ಹಂಚುತ್ತಾರೆ. ಮಂದಾರ ತನ್ನದು ಬಿಡುವುದಿಲ್ಲ. ನಾನು ಬರೆದದ್ದು ಬರೀ ಹನ್ನೊಂದು ಸಲ. ನನ್ನದೇ ಹದಿನೈದಕ್ಕಿಂತ ಕೆಳಗೆ ಬಂದರೆ ನಾನು ಫೇಲು. ಅಪ್ಪ ಓದು ಸಾಕು ಅಂತ ಇಲ್ಲೇ ಕೂರಿಸುತ್ತಾರೆ."

"ಅದಕ್ಕ ನನ್ನನ್ನ ಫೇಲ್ ಮಾಡಿದಿ."

"ನಾನಲ್ಲ, ಮಂದಾರ..."

"ಮಂದಾರಗ ಗೊತ್ತಿರಲಿಲ್ಲ. ಹೇಳಿದ ಮ್ಯಾಲೂ ತಿದ್ದಲಿಲ್ಲ, ಅದು ಬ್ಯಾರೆ. ನಿನಗ ಅಕ್ಟೋಬರದಾಗ ಗೊತ್ತಿತ್ತು. ಅವತ್ತ ಹೇಳಿದ್ರ ಒಂದು ಮಿನಿಟಿನ ಕೆಲಸ."

ಅವರು ಬಹುವಚನ ಬಿಟ್ಟಿದ್ದು ಇಬ್ಬರಿಗೂ ಕೇಳಿಸಿತು. ದನಿ ಮಾತ್ರ ಏರಲಿಲ್ಲ. ಮಲಗಿದ ಮಕ್ಕಳ ನಡುವೆ ಮಾತಾಡಿ ಮಾತಾಡಿ ಅದಕ್ಕೆ ಏರುವುದೇ ಮರೆತುಹೋಗಿತ್ತು. ಹೊರಗೆ ಬಸ್ಸು ಹಾರ್ನು ಹೊಡೆಯಿತು.

"ಬರಿ" ಎಂದರು. "ಮೇಡಂಗ ಒಬ್ಬರಿಗೇ ಅಲ್ಲ. ಗುಂಪಿನಾಗ, ಎಲ್ಲಾರೂ ಓದೂವಂಗ."

ಅವನು ಫೋನು ತೆಗೆದು ಬರೆದು ತೋರಿಸಿದ. 'ಭಾಷೆಯ ಕಾರಣದಿಂದ ಏನೋ ತಪ್ಪು ತಿಳುವಳಿಕೆ ಆಗಿರಬಹುದು.'

ಗಂಗೂಬಾಯಿ ಓದಿ ಫೋನನ್ನು ಅವನತ್ತಲೇ ಸರಿಸಿದರು. "ಆಗಿರಬಹುದು ಅಲ್ಲ. ತಪ್ಪು ತಿಳಕೊಂಡಿದ್ದು ಮಂದಾರ. ನೀ ಸರಿಯಾಗೇ ತಿಳಕೊಂಡಿದ್ದಿ. ಹಂಗ ಬರಿ."

ಗಲ್ಲೆಯ ಮುಂದೆ ಮೂರು ಜನ ಬಿಲ್ಲು ಹಿಡಿದು ನಿಂತಿದ್ದರು. ಗಂಗೂಬಾಯಿ ಪಕ್ಕಕ್ಕೆ ಸರಿಯಲಿಲ್ಲ. ಪ್ರಜ್ವಲ ಅಳಿಸಿ ಮತ್ತೆ ಬರೆದ. ಆ ಮಾತಿನ ಅರ್ಥ ನಾನು ಎಂದೇ, ಅದು ನನಗೆ ಮೊದಲ ದಿನವೇ ಗೊತ್ತಿತ್ತು, ಸಭೆಯಲ್ಲಿ ನಾನು ಸುಳ್ಳು ಹೇಳಿದೆ. ಅವನು ಕಳಿಸುವುದನ್ನು ನೋಡಿ ಗಂಗೂಬಾಯಿ ಚಹಾದ ಹಣ ಗಲ್ಲೆಯ ಮೇಲಿಟ್ಟು ಹೊರಬಂದರು.

ಬುಧವಾರ ಮೇಡಂ ಮತ್ತೆ ಹಂಚಿಸಿದರು. ಮಂದಾರ ಮೂವತ್ತನಾಲ್ಕು, ಕೇತಕಿ ಮೂವತ್ತು, ಗಂಗೂಬಾಯಿ ಇಪ್ಪತ್ತೊಂದು, ಪ್ರಜ್ವಲ ಹದಿನೈದು. ಎಲ್ಲರೂ ಪಾಸು. ಮಂದಾರ ಗುಂಪಿನಲ್ಲಿ ಬರೆದ: ಮಾವಶಿ, ಶಾಂತವಾಗಿ ಹೇಳಿದ್ದರೆ ನಾವೇ ಸರಿಮಾಡುತ್ತಿದ್ದೆವು, ಹೋಟೆಲಿನವರೆಗೂ ಹೋಗುವ ಅಗತ್ಯವಿರಲಿಲ್ಲ.

ಗಂಗೂಬಾಯಿ ಅದನ್ನು ಎರಡು ಸಲ ಓದಿದರು. ಶಾಂತವಾಗಿ ಅವನಿಗೆ ಫೋನಿನಲ್ಲಿ ಹೇಳಿದ್ದರು, ಪತ್ರದಲ್ಲಿ ಹೇಳಿದ್ದರು, ಸಭೆಯಲ್ಲಿ ಹೇಳಿದ್ದರು. ಮೂವತ್ತೊಂದು ತಾಯಂದಿರನ್ನು ಮಾತಾಡಿಸಿದವರಿಗೆ ಇಪ್ಪತ್ತೊಂದು, ಟೈಪು ಮಾಡಿದವನಿಗೆ ಮೂವತ್ತನಾಲ್ಕು.

ಅಂಕಪಟ್ಟಿ ಕಚೇರಿಗೆ ಹೋಯಿತು. ಜನವರಿಯಲ್ಲಿ ಖುರ್ಚಿ ಸಿಕ್ಕಿತು, ಮಕ್ಕಳನ್ನು ಯಾರು ಎಷ್ಟು ಹೊತ್ತಿಗೆ ಕರೆದೊಯ್ದರು ಎಂದು ಬರೆಯುವ ರಿಜಿಸ್ಟರೂ ಕೈಗೆ ಬಂತು. ಪ್ರಲ್ಹಾದ ಪೇಢೆ ತಂದ. ಗಂಗೂಬಾಯಿ ಪಾಳಣಾಘರದ ಆಯಾಗಳಿಗೆಲ್ಲ ಹಂಚಿದರು. ಎಲ್ಲ ಸರಿಹೋಯಿತಲ್ಲ ಎಂದು ಪ್ರಲ್ಹಾದ ಕೇಳಿದಾಗ, "ಪಾಸಾಗೀನಿ. ಸರಿಹೋಗಿಲ್ಲ" ಎಂದರು.

ಆರನೇ ಸೆಮಿಸ್ಟರಿಗೂ ಅದೇ ಗುಂಪು. ಈ ಸಲದ ವಿಷಯ ತಂದೆಯರು. ಮಂದಾರ ಎಂದಿನಂತೆ ಬರೆದ: ಮಾವಶಿ, ಫೀಲ್ಡ್ ಕೆಲಸ ನೀವೇ ನೋಡಿಕೊಳ್ಳಿ, ನಿಮಗೆ ಎಲ್ಲರೂ ಪರಿಚಯ.

ಈ ಸಲ ಗಂಗೂಬಾಯಿ ಧ್ವನಿ ಸಂದೇಶ ಕಳಿಸಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಮರಾಠಿಯಲ್ಲಿ ಬರೆದರು. ಶುಕ್ರವಾರ ಸಂಜೆ ಆರಕ್ಕೆ ಮೂವರೂ ಹಡಪಸರಕ್ಕೆ ಬರಬೇಕು. ಬಾಗಿಲಲ್ಲಿ ನಿಂತು ಕೇಳಿದವರು ತಾವು ಕೇಳಿದ್ದನ್ನು ತಾವೇ ಕಡತದಲ್ಲಿ ಬರೆಯಬೇಕು, ನಾನೂ ಬರೆಯುತ್ತೇನೆ. ಬಾರದವರ ಹೆಸರು ವರದಿಯಲ್ಲಿ ಇದ್ದರೆ ನನ್ನ ಸಹಿ ಇರುವುದಿಲ್ಲ.

ಮೊದಲು ಪ್ರಜ್ವಲ ಬರುತ್ತೇನೆ ಎಂದ, ಅವನ ಹಿಂದೆ ಕೇತಕಿ. ಮಂದಾರ ಶುಕ್ರವಾರ ಮಧ್ಯಾಹ್ನ ಹೂಂ ಅಂದ.

ಬಂದರು ಮೂವರೂ. ಗಂಗೂಬಾಯಿ ಒಬ್ಬೊಬ್ಬರಿಗೆ ಒಂದು ಹಲಗೆ, ನಾಲ್ಕು ಹಾಳೆ ಕೊಟ್ಟರು. ಕೇತಕಿಯನ್ನೂ ಪ್ರಜ್ವಲನನ್ನೂ ಪಾರ್ಕಿಂಗಿಗೆ ಕಳಿಸಿದರು, ಮಂದಾರನನ್ನು ಗಾಜಿನ ಬಾಗಿಲ ಬಳಿ ನಿಲ್ಲಿಸಿದರು. ಆರು ಗಂಟೆಯ ಗದ್ದಲ ಶುರುವಾಗಿತ್ತು. ಒಂದು ಹುಡುಗಿ ತನ್ನ ಚಪ್ಪಲಿ ಇದಲ್ಲ ಎಂದು ಅಳುತ್ತಿದ್ದಳು. ಕುತ್ತಿಗೆಯಲ್ಲಿ ಗುರುತಿನ ಚೀಟಿ ತೂಗುತ್ತಿದ್ದ ಒಬ್ಬ ತಂದೆ ಅವಸರದಲ್ಲಿ ಬಂದ.

"ಸರ್, ಎರಡು ನಿಮಿಷ" ಎಂದ ಮಂದಾರ. "ಪಾಲನೆಯಲ್ಲಿ ತಮ್ಮ ಸಹಭಾಗಿತ್ವದ ಸ್ವರೂಪವನ್ನು..."

ಆ ತಂದೆ ಅವನನ್ನು ಮೇಲಿಂದ ಕೆಳಗೆ ನೋಡಿದ. ಗಂಗೂಬಾಯಿಯತ್ತ ತಿರುಗಿ ಮರಾಠಿಯಲ್ಲಿ ಕೇಳಿದ, "ಯಾರಿವರು?"

"ನನ್ನ ಜೊತೆ ಓದುವವರು."

"ಹೇಳಲೇಬೇಕಾ?"

"ನಿಮಗೆ ಮನಸ್ಸಿದ್ದರೆ."

ಆತ ಮಗುವನ್ನು ಎತ್ತಿಕೊಂಡು ಹೊರಟುಹೋದ. ಮಂದಾರ ಖಾಲಿ ಹಾಳೆ ಹಿಡಿದು ಗಂಗೂಬಾಯಿಯ ಮುಖ ನೋಡಿದ. ಹೇಗೆ ಕೇಳಬೇಕೆಂದು ಅವರು ಹೇಳಿಕೊಟ್ಟಾರು ಎಂಬ ನಿರೀಕ್ಷೆ ಅವನ ಕಣ್ಣಲ್ಲಿತ್ತು. ಗಂಗೂಬಾಯಿ ರಿಜಿಸ್ಟರಿನಲ್ಲಿ ಹೊತ್ತು ಬರೆದುಕೊಂಡು, ಮುಂದಿನ ಮಗುವಿನ ಹೆಸರು ಕೂಗಿದರು.